ಉಣ್ಣಿ ಕಾಂಪೌಂಡರು

ಕಳೆದ ತಿಂಗಳು ಮಂಗಳೂರಿಗೆ ಹೋಗುವಾಗ ಸಂಪಾಜೆಯಲ್ಲಿ ಬಸ್ಸು ನಿಂತಿತು. ಚಹಾ ಕುಡಿಯಲು ಇಳಿದೆ. ಒಂದು ಕಾಲದಲ್ಲಿ ನನಗೆ ಬೇಟೆನಾಯಿಯ ಮರಿಗಳನ್ನು ಕೊಡುತ್ತಿದ್ದ ಅಲ್ಲಿನ ಗೌಡರೊಬ್ಬರು ಹೋಟೆಲಿನ ಬೆಂಚಿನ ಮೇಲಿಂದಲೇ ಕೂಗಿದರು.

"ಗೊತ್ತಿಲ್ಲೆನಾ ನಿಮಗೆ? ನಿಮ್ಮ ಉಣ್ಣಿ ಕಾಂಪೌಂಡರ್ ತೀರಿಹೋದೊ ಗಡ."

ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಸತ್ತ ಸುದ್ದಿಗೆ ಯಾರೂ ನಗುವುದಿಲ್ಲ, ಅವರು ನಕ್ಕದ್ದು ಹೆಸರಿಗೆ. ಆ ಹೆಸರು ಇಟ್ಟವನು ನಾನು. ಒಂದು ಸಂತೆಯ ದಿನ ಬಾಯಿಗೆ ಬಂದದ್ದನ್ನು ಆಡಿದ್ದೆ. ಘಟ್ಟದ ಕೆಳಗಿನವರೆಗೂ ಅದು ಅವರನ್ನು ಹಿಂಬಾಲಿಸಿಕೊಂಡು ಹೋಗಿದೆ. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬರಹದೊಳಗೆ ಅದನ್ನು ಕಾಣುವುದು ಅವರ ಮಕ್ಕಳಿಗೆ ಹಿತವಾಗಲಾರದು.

ಕೊಡಗು ತನ್ನದೇ ಮಂತ್ರಿಗಳಿದ್ದ ಪುಟ್ಟ ರಾಜ್ಯವಾಗಿದ್ದ ಕಾಲ ಅದು. ಮೂರ್ನಾಡಿನ ಸಮೀಪದ ಒಂದು ದನದ ಆಸ್ಪತ್ರೆಯಲ್ಲಿ ಅವರು ಕಾಂಪೌಂಡರಾಗಿದ್ದರು. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನಗಳಲ್ಲಿ ಆಸ್ಪತ್ರೆ ಎಂದರೆ ಇವರು, ಒಂದು ಮುರುಕು ಕಪಾಟು, ಫಿನಾಯಿಲಿನ ವಾಸನೆ. ಪುತ್ತೂರಿನ ಕಡೆಯವರು. ಊರಿನಲ್ಲಿ ತಾಯಿ, ಹೆಂಡತಿ, ಮೂರು ಮಕ್ಕಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಕ್ಕೆ ತುರುಕಿ, ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು. ಯಾರ ಮನೆಗೆ ಹೋದರೂ ಗೋಣಿಚೀಲದ ಮೇಲೆ ಕೂರುತ್ತಿರಲಿಲ್ಲ. ಮನೆಯವರಿಗೆ ನಮಸ್ಕಾರ ಮಾಡುವ ಮುಂಚೆ ಮನೆಯ ನಾಯಿಯ ಕಿವಿ ಮಗುಚಿ ನೋಡುತ್ತಿದ್ದರು. ದೊಡ್ಡ ತೋಟದ ಯಜಮಾನರೊಬ್ಬರು ಒಮ್ಮೆ ಇದಕ್ಕೆ ರೇಗಿ, "ಮೊದಲು ನನ್ನ ಮುಖ ನೋಡಯ್ಯ" ಎಂದರಂತೆ. "ನಿಮ್ಮ ಮುಖದಲ್ಲಿ ಉಣ್ಣಿ ಇಲ್ಲ, ದೂರದಿಂದಲೇ ಕಾಣ್ತದೆ" ಎಂದರಂತೆ ಇವರು. ತಮಾಷೆಗೆ ಹೇಳಿದ್ದಲ್ಲ. ಅವರಿಗೆ ತಮಾಷೆ ಬರುತ್ತಿರಲಿಲ್ಲ.

ಇನ್ನು ನನ್ನ ವಿಷಯ. ನಾನು ಅರಕಲಗೂಡಿನ ಕಡೆಯಿಂದ ಬಂದವನು, ಬರುವಾಗ ಮೈಮೇಲಿನ ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಸಂಪಾಜೆಯ ಇಳಿಜಾರಿನ ಮನೆಗಳಲ್ಲಿ ಬೇಟೆನಾಯಿಯ ಮರಿ ಕೊಂಡು, ಬೆಳೆಸಿ, ಪಳಗಿಸಿ, ಮೂರ್ನಾಡು ವಿರಾಜಪೇಟೆ ಕಡೆಯ ತೋಟದ ಮನೆಗಳಿಗೆ ಮಾರುವುದು ನಾನೇ ಕಂಡುಕೊಂಡ ದಾರಿ. ಅಲ್ಲಿ ಬೇಟೆಯ ಮಾಂಸ ಹಂಚುವಾಗ ನಾಯಿಗೂ ಒಂದು ಪಾಲು ಇಡುತ್ತಿದ್ದರು. ಅದು ನಾಯಿಯ ಯಜಮಾನನ ಮನೆಗೆ ಹೋಗುತ್ತಿತ್ತು. ಪಾಲಿಗಿಂತ ಪಾಲಿನ ಮರ್ಯಾದೆ ದೊಡ್ಡದು. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬ ಕಳೆದು ಬೇಟೆ ಶುರುವಾಗುವ ಹೊತ್ತಿಗೆ ಒಳ್ಳೆಯ ನಾಯಿಗೆ ಜನ ಮುಗಿಬೀಳುತ್ತಿದ್ದರು.

ನಾಯಿ ಕೊಳ್ಳುವವರಿಗೆ ಈಗಲೂ ಒಂದು ಮಾತು ಹೇಳುತ್ತೇನೆ, ಕೇಳಿ. ಬೆನ್ನು ನೋಡಿ ಮರುಳಾಗಬೇಡಿ, ಎಣ್ಣೆ ಸವರಿದರೆ ಎಂಥ ಬೆನ್ನೂ ಹೊಳೆಯುತ್ತದೆ. ಕಿವಿಯೊಳಗೆ ನೋಡಿ, ಕಾಲ್ಬೆರಳ ಸಂದಿಯಲ್ಲಿ ನೋಡಿ. ತುಟಿ ಎತ್ತಿ ಒಸಡನ್ನು ಒತ್ತಿ ಬಿಡಿ, ಕೆಂಪು ಕೂಡಲೇ ಮರಳಬೇಕು. ಒಸಡು ಬಿಳಿಚಿಕೊಂಡಿದ್ದರೆ ಹಗ್ಗವನ್ನು ವಾಪಸ್ಸು ಕೊಟ್ಟು ಮನೆಗೆ ನಡೆಯಿರಿ. ಇದನ್ನು ನನಗೆ ಕಲಿಸಿದವರು ಕಾಂಪೌಂಡರು. ನಾನು ಕೊಳ್ಳುವಾಗ ಒಸಡು ಒತ್ತಿ ನೋಡುತ್ತಿದ್ದೆ. ಮಾರುವಾಗ ನಾಯಿಗೆ ಬಾಯಿಪಟ್ಟಿ ಕಟ್ಟಿ, "ಹುಷಾರು, ಕಚ್ಚುತ್ತೆ" ಎನ್ನುತ್ತಿದ್ದೆ.

ನನ್ನದೇ ಇನ್ನೊಂದು ಉಪಾಯವೂ ಇತ್ತು. ಗಿರಾಕಿ ಬಂದು ಜಗಲಿಯಲ್ಲಿ ಕೂತ ಮೇಲೆ, ಅವನ ಎದುರಿಗೇ ನನ್ನ ಹೆಂಡತಿ ನಾಯಿಯನ್ನು ತೊಡೆಗೆ ಒರಗಿಸಿಕೊಂಡು ಉಣ್ಣಿ ತೆಗೆಯುತ್ತಿದ್ದಳು. ತೆಗೆದ ಉಣ್ಣಿಯನ್ನು ಒಂದು ಹೆಬ್ಬೆರಳ ಉಗುರಿನ ಮೇಲಿಟ್ಟು ಇನ್ನೊಂದರಿಂದ ಒತ್ತಿದರೆ ಚಟ್ ಎನ್ನುತ್ತಿತ್ತು. ನಾಯಿಯನ್ನು ಮನೆಯ ಮಗುವಿನಂತೆ ನೋಡಿಕೊಂಡಿದ್ದಾರೆ ಎಂದು ಗಿರಾಕಿಗೆ ಆ ಶಬ್ದದಲ್ಲೇ ನಂಬಿಕೆ ಹುಟ್ಟುತ್ತಿತ್ತು. ಅದಕ್ಕಾಗಿ ನಾಲ್ಕೈದು ಉಣ್ಣಿಗಳನ್ನು ಬೇಕೆಂದೇ ಉಳಿಸುತ್ತಿದ್ದೆವು.

ಕಾಂಪೌಂಡರು ಮೊದಲ ಸಲ ನಮ್ಮ ಮನೆಗೆ ಬಂದದ್ದು ಅಂಥ ಹೊತ್ತಿನಲ್ಲೇ. ಸೈಕಲ್ಲಿಗೆ ಸ್ಟ್ಯಾಂಡ್ ಕೂಡ ಹಾಕದೆ ಓಡಿಬಂದರು.

"ಅಕ್ಕಾ, ಎಂತ ಮಾಡುದು ನೀವು! ಉಗುರಲ್ಲಿ ಕೊಲ್ಲುದಾ?"

"ಇನ್ನೇನು ಕೋವಿಯಲ್ಲಿ ಹೊಡೀಬೇಕಾ?" ಎಂದೆ ನಾನು. ಗಿರಾಕಿ ನಕ್ಕ.

ಅವರು ನನ್ನ ಕಡೆ ತಿರುಗಲಿಲ್ಲ. ಪೆಟ್ಟಿಗೆಯಿಂದ ಒಂದು ಚಿಮ್ಮಟ, ಸೀಮೆಎಣ್ಣೆ ಹಾಕಿದ ಸಣ್ಣ ಡಬ್ಬಿ ತೆಗೆದು ಹೆಂಡತಿಯ ಮುಂದೆ ಇಟ್ಟರು. "ಇದರಲ್ಲಿ ಹಿಡಿದು ಎಳೀರಿ, ಇದರಲ್ಲಿ ಹಾಕಿ. ಅದರ ಹೊಟ್ಟೆಯ ರಕ್ತ ನಿಮ್ಮ ಕೈಗೆ ತಾಗಬಾರದು. ಉಗುರ ಸಂದಿಯಲ್ಲಿ ಒಂದು ಗೀರು ಇದ್ರೆ ಸಾಕು, ಅದೇ ಕೈಯಲ್ಲಿ ಕಣ್ಣು ಉಜ್ಜಿದ್ರೂ ಸಾಕು. ಜ್ವರ ಬರ್ತದೆ. ಮಲೇರಿಯಾ ಅಂತ ನೀವು ಕ್ವಿನೈನ್ ತಿಂತಾ ಕೂರ್ತೀರಿ."

"ನಾಯಿ ಕಾಯಿಲೆ ಮನುಷ್ಯರಿಗೆ ಬರುತ್ತಾ ಅಣ್ಣಾ?" ಎಂದಳು ನನ್ನವಳು.

"ನಾಯಿಗೆ ಬರುದು ಬೇರೆ, ನಿಮಗೆ ಬರುದು ಬೇರೆ. ಆದ್ರೆ ಬರುದು ಒಂದೇ ಉಣ್ಣಿಯಲ್ಲಿ. ಒಂದು ಬಸ್ಸಲ್ಲಿ ಬೇರೆ ಬೇರೆ ಊರಿನವರು ಬಂದು ಇಳಿಯುದಿಲ್ವಾ, ಹಾಗೆ."

ಗಿರಾಕಿ ಆ ದಿನ ನಾಯಿ ಕೊಳ್ಳದೆ ಹೋದ. ಇವರಿಗೂ ಏನೋ ಬೇಕಿರಬೇಕು, ಅದಕ್ಕೆ ಹೆದರಿಸುತ್ತಿದ್ದಾರೆ ಎಂದುಕೊಂಡೆ. ನನ್ನ ಲೆಕ್ಕದಲ್ಲಿ ಬೇಡುವುದಕ್ಕೇನೂ ಇಲ್ಲದ ಮನುಷ್ಯ ಇರಲಿಲ್ಲ. ಮಾರನೆಯ ದಿನ ಒಂದು ಬಾಟಲಿ ಜೇನು ಕಳಿಸಿದೆ. ವಾಪಸ್ಸು ಬಂತು. ಆಮೇಲೆ ಚಿಮ್ಮಟವನ್ನು ಗೂಟಕ್ಕೆ ತೂಗುಹಾಕಿಸಿದೆ. ಅದರಲ್ಲಿ ಎಳೆದು ಸೀಮೆಎಣ್ಣೆಗೆ ಹಾಕಿದರೆ ಶಬ್ದ ಬರುವುದಿಲ್ಲವಲ್ಲ.

ತೋಟದ ಕೂಲಿಯಾಳುಗಳ ಲೈನುಮನೆಗಳಲ್ಲಿ ಅವರ ಮಾತಿಗೆ ಬೆಲೆಯಿತ್ತು. ಚಳಿಗಾಲದಲ್ಲಿ ನಾಯಿಯನ್ನು ತಬ್ಬಿಕೊಂಡೇ ಮಲಗುವ ಜನ ಅವರು. ಭಾನುವಾರ ಕಾಂಪೌಂಡರು ಅಲ್ಲಿಗೆ ಹೋಗಿ, ಗೋಡೆಯ ಬಿರುಕುಗಳಲ್ಲಿ ಬೆರಳಾಡಿಸಿ, "ನೋಡಿ, ಇಲ್ಲಿ ಮೊಟ್ಟೆ ಇಡ್ತದೆ, ನಾಯಿಯನ್ನು ಮಾತ್ರ ತೊಳೆದ್ರೆ ಸಾಲ್ದು" ಎಂದು ತಾವೇ ಸುಣ್ಣ ಬಳಿಯಲು ನಿಲ್ಲುತ್ತಿದ್ದರು. ಅವರ ಕೆಲಸ ಅಲ್ಲ ಅದು. ಯಾರೂ ಹೇಳಿರಲಿಲ್ಲ. ಊರ ಕಡೆ ಹೋಗುವ ರಜೆಯನ್ನೂ ಹೀಗೆಯೇ ಕಳೆಯುತ್ತಿದ್ದರು. ಇಂಥವರನ್ನು ಕಂಡರೆ ನನಗೆ ಆಗ ಮೈಯುರಿಯುತ್ತಿತ್ತು.

ನಮ್ಮಿಬ್ಬರ ನಡುವೆ ನೇರ ಜಗಳವಾದದ್ದು ಸುಬೇದಾರರ ನಾಯಿಯ ವಿಷಯದಲ್ಲಿ. ಸೈನ್ಯದಿಂದ ನಿವೃತ್ತರಾಗಿ ವಿರಾಜಪೇಟೆಯ ಬಳಿ ಕಾಫಿ ತೋಟ ಮಾಡಿಕೊಂಡಿದ್ದ ಸುಬೇದಾರರು ಹಂದಿ ಬೇಟೆಗೆಂದು ನನ್ನ ಹತ್ತಿರ ಒಂದು ಕಂದು ನಾಯಿಯನ್ನು ನೋಡಿ ಮೆಚ್ಚಿದ್ದರು. ಮಾತು ಮುಗಿದಿತ್ತು. ಒಯ್ಯಲು ಬಂದ ದಿನ ಕಾಂಪೌಂಡರನ್ನೂ ಜೊತೆಗೆ ಕರೆತಂದರು.

ಕಾಂಪೌಂಡರು ಬಾಯಿಪಟ್ಟಿ ಬಿಚ್ಚಿದರು. ನಾಯಿ ಅವರ ಕೈ ನೆಕ್ಕಿತು. ಒಸಡು ಒತ್ತಿದರು. ಮೂತ್ರದ ಬಣ್ಣ ಹೇಗಿದೆ ಎಂದು ನನ್ನನ್ನು ಕೇಳಿದರು.

"ಎಲ್ಲ ನಾಯಿಗಿರೋ ಹಾಗೇ ಇದೆ."

"ಕಾಫಿ ಬಣ್ಣ ಅಂತ ಅಕ್ಕ ಹೇಳಿದ್ರು."

ನನ್ನವಳು ಒಳಗೆ ಸರಿದಳು. ಕಾಂಪೌಂಡರು ಸುಬೇದಾರರಿಗೆ ಹೇಳಿದರು: "ಇದಕ್ಕೆ ಉಣ್ಣಿಯ ಜ್ವರ ಉಂಟು. ರಕ್ತ ಒಡೀತಾ ಉಂಟು. ಈಗ ಓಡಿಸಿದ್ರೆ ಕಾಡಲ್ಲೇ ಬೀಳ್ತದೆ. ನನ್ನ ಹತ್ರ ನೀಲಿ ಮದ್ದು ಉಂಟು, ಸೂಜಿ ಹಾಕಿ ಎರಡು ವಾರ ಮಲಗಿಸಿದ್ರೆ ಬದುಕಬಹುದು."

"ಆಮೇಲೆ ಶಿಕಾರಿಗೆ ಬರುತ್ತದೋ?"

"ಈ ವರ್ಷ ಇಲ್ಲ."

ಸುಬೇದಾರರು ಕೋಲಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು. "ಏನಯ್ಯ, ಸಿಕ್ ಡಾಗ್ ನನಗೆ ಕಟ್ಟಲಿಕ್ಕೆ ನೋಡಿದೆಯಾ?" ಎಂದರು. ಧ್ವನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅವರ ಹಿಂದೆಯೇ ಮೂರು ಮನೆಯವರು ನನ್ನ ಬಳಿ ನಾಯಿ ಕೊಳ್ಳುವುದನ್ನು ನಿಲ್ಲಿಸಿದರು. ನಾಯಿಗೆ ನೀಲಿ ಮದ್ದು ಹಾಕಿಸಲು ನಾನು ಬಿಡಲಿಲ್ಲ. ಬಾಯೆಲ್ಲ ನೀಲಿಯಾದರೆ ಇನ್ನು ಯಾರಿಗೂ ಮಾರಲು ಆಗುವುದಿಲ್ಲ ಎಂದು. ಎಂಟು ದಿನಕ್ಕೆ ಅದು ಸತ್ತಿತು.

ಆಗ ಬರೆದೆ ಅರ್ಜಿ. ದನಕ್ಕೆ ಮದ್ದು ಹಾಕಬೇಕಾದವರು ಕೆಲಸದ ವೇಳೆಯಲ್ಲಿ ಊರೂರು ತಿರುಗುತ್ತಾರೆ, ಮನುಷ್ಯರ ರೋಗದಲ್ಲಿ ತಲೆಹಾಕಿ ಭೀತಿ ಹುಟ್ಟಿಸುತ್ತಾರೆ, ಲೈನಿನ ಆಳುಗಳ ತಲೆಕೆಡಿಸುತ್ತಾರೆ, ಸಾರ್ವಜನಿಕರ ಹಿತದೃಷ್ಟಿಯಿಂದ ಇವರನ್ನು ತೆಗೆಯಬೇಕು ಎಂದು. ಇಪ್ಪತ್ತಕ್ಕೂ ಹೆಚ್ಚು ರುಜು ಹಾಕಿಸಿದೆ. ರುಜು ಹಾಕಿಸುವುದೂ ಒಂದು ವ್ಯಾಪಾರ. ತೋಟದವರಿಗೆ "ನಿಮ್ಮ ಆಳು ಕೆಲಸ ಬಿಟ್ಟು ಸುಣ್ಣ ಬಳೀತಾ ಇದಾರೆ" ಎಂದೆ. ಅಂಗಡಿಯವರಿಗೆ "ಘಟ್ಟದ ಕೆಳಗಿನವನು ನಮಗೆ ಬುದ್ಧಿ ಹೇಳೋದಾ?" ಎಂದೆ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ಅರ್ಜಿ ಮಡಿಕೇರಿಯ ಮೇಲಿನ ಕಚೇರಿಗೆ ಹೋಯಿತು. ಊರಿಗೆಲ್ಲ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಕಾಯಂ ಆಗದ ಕೆಲಸ. ವಿಚಾರಣೆಯಲ್ಲಿ ಒಂದು ಆರೋಪ ನಿಂತರೂ ಅವರ ಸಂಸಾರ ಬೀದಿಗೆ ಬೀಳುತ್ತದೆಂದು ನನಗೂ ತಿಳಿದಿತ್ತು. ಅದೇ ನನ್ನ ಉದ್ದೇಶ.

ಮೂರು ವಾರ ಕಳೆಯುವುದರೊಳಗೆ ನನ್ನ ಹೆಂಡತಿ ಜ್ವರ ಬಂದು ಮಲಗಿದಳು.

ನಮ್ಮಲ್ಲಿ ಆಗ ಜ್ವರ ಎಂದರೆ ಮಲೇರಿಯಾ. ಕ್ವಿನೈನ್ ಕೊಟ್ಟೆವು. ತಲೆ ಸಿಡಿಯುತ್ತದೆ ಎಂದು ಗೋಡೆಗೆ ಹಣೆ ಒತ್ತಿಕೊಳ್ಳುತ್ತಿದ್ದಳು. ನಾಲ್ಕನೆಯ ದಿನ ಮಣಿಕಟ್ಟಿನಲ್ಲಿ, ಕಾಲಿನಲ್ಲಿ ಕೆಂಪು ಚುಕ್ಕೆಗಳು ಎದ್ದವು. ನೆರೆಮನೆಯ ಅಜ್ಜಿ ಬಾಗಿಲಲ್ಲೇ ನಿಂತು ಕೈಮುಗಿದರು. "ಅಮ್ಮ ಬಂದವ್ಳೆ ಕಣಪ್ಪ. ಇನ್ನು ಔಷಧಿ ಗಿವುಷಧಿ ಕೊಡಬ್ಯಾಡ, ಅಮ್ಮಂಗೆ ಸಿಟ್ಟು ಬತ್ತದೆ." ಬೇವಿನ ಸೊಪ್ಪು ಕಟ್ಟಿ, ಮದ್ದೆಲ್ಲ ನಿಲ್ಲಿಸಿದೆವು.

ಅಜ್ಜಿಯಿಂದ ಸುದ್ದಿ ಹೊರಟು ಸಂಜೆಯೊಳಗೆ ಆಸ್ಪತ್ರೆಯನ್ನು ಮುಟ್ಟಿತ್ತು. ಕಾಂಪೌಂಡರು ಬಂದು ಅಂಗಳದಲ್ಲಿ ನಿಂತರು.

"ಒಳಗೆ ಬರಬಹುದಾ?"

"ಅಮ್ಮ ಬಂದಿರೋ ಮನೆ."

"ಒಮ್ಮೆ ಕೈ ನೋಡ್ತೇನೆ. ಅಷ್ಟೇ."

ಬಾಗಿಲು ಬಿಟ್ಟು ಸರಿದೆ. ಅವರು ಅಂಗೈ ನೋಡಿದರು, ಅಂಗಾಲು ನೋಡಿದರು, ಚುಕ್ಕೆಗಳ ಮೇಲೆ ಬೆರಳು ಸವರಿದರು. "ಉಬ್ಬಿಲ್ಲ, ನೀರು ತುಂಬಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಬಲಗೈಯ ಹೆಬ್ಬೆರಳನ್ನು ಬೆಳಕಿಗೆ ಹಿಡಿದರು. ಉಗುರಿನ ಅಂಚಿನಲ್ಲಿ ಒಂದು ಕಪ್ಪು ಹಕ್ಕಳೆ ಇತ್ತು. ನಾನು ಅದನ್ನು ನೋಡಿರಲೇ ಇಲ್ಲ.

"ಅಕ್ಕಾ, ಇದೇ ಉಗುರಾ?"

ಅವಳು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು.

ಹೊರಗೆ ಬಂದು ಅವರು ನನಗೆ ಹೇಳಿದ್ದು ಇಷ್ಟೇ: ಇದು ಅಮ್ಮ ಅಲ್ಲ, ಮಲೇರಿಯಾ ಅಲ್ಲ, ಉಣ್ಣಿಯಿಂದ ಬಂದದ್ದು. ಇದಕ್ಕೆ ಹೊಸ ಮಾತ್ರೆ ಬಂದಿದೆಯೆಂದು ಓದಿದ್ದೇನೆ, ನಾನು ಕೊಡುವ ಹಾಗಿಲ್ಲ, ದೊಡ್ಡ ಡಾಕ್ಟರನ್ನು ಕೇಳಬೇಕು. ಅವರು ಹೇಳಿದ್ದು ನಿಜವಾದರೆ ನನ್ನ ಅರ್ಜಿ ಸುಳ್ಳು. ಹೆಂಡತಿ ಒಳಗೆ ನರಳುತ್ತಿರುವಾಗ ನನ್ನ ತಲೆ ಓಡಿದ್ದು ಅತ್ತ ಕಡೆ. ಬೇರೆಯವರಿಗೆ ಬುದ್ಧಿ ಹೇಳುವಾಗ ಜನ ನನ್ನನ್ನು ಚುರುಕಿನ ಮನುಷ್ಯ ಎನ್ನುತ್ತಾರೆ. ಚುರುಕುತನ ಎಂದರೆ ಇದೇ ಎಂದು ಯಾರಿಗೂ ಗೊತ್ತಿಲ್ಲ.

ಅವರೇ ವಿರಾಜಪೇಟೆಗೆ ಸೈಕಲ್ ತುಳಿದು ಡಾಕ್ಟರನ್ನು ಕರೆದುಕೊಂಡು ಬಂದರು. ಡಾಕ್ಟರು ಮೊದಲು ಗದರಿದರಂತೆ, ಆಮೇಲೆ ಬಂದು ಹೆಬ್ಬೆರಳು ನೋಡಿದರು. "ಈತ ಹೇಳೋದು ಸರಿ ಇರಬಹುದು. ಆದರೆ ಆ ಕ್ಯಾಪ್ಸೂಲ್ ನಮ್ಮಲ್ಲಿಲ್ಲ. ಮೈಸೂರಿಂದ ತರಿಸಬೇಕು, ಬೇಗ" ಎಂದು ಚೀಟಿ ಬರೆದರು.

"ನಾಳೆ ಸಂತೆ. ನಾಡಿದ್ದು ಯಾರನ್ನಾದರೂ ಕಳಿಸ್ತೀನಿ" ಎಂದೆ.

ಕಾಂಪೌಂಡರು ನನ್ನ ಕೈಯಿಂದ ಚೀಟಿ ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ, ಕೇಳಲೂ ಇಲ್ಲ. "ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಹೋಗ್ತೇನೆ. ನೀವು ಅವರಿಗೆ ನೀರು ಕೊಡ್ತಾ ಇರಿ" ಎಂದರು. ರಜೆ ಕೇಳಲು ದನದ ಆಸ್ಪತ್ರೆಯ ಡಾಕ್ಟರು ಊರಿನಲ್ಲಿರಲಿಲ್ಲ.

ಮರುದಿನ ಮಧ್ಯಾಹ್ನ ನನ್ನ ಮನೆಯ ಮುಂದೆ ಜೀಪು ನಿಂತಿತು. ಅರ್ಜಿಯ ವಿಚಾರಣೆಗೆ ಸಾಹೇಬರು ಬಂದಿದ್ದರು. ಮೊದಲ ರುಜು ನನ್ನದಾದ್ದರಿಂದ ನನ್ನ ಜಗಲಿಗೇ ಬಂದು ಕೂತರು.

"ಆಸ್ಪತ್ರೆಗೆ ಹೋಗಿದ್ದೆ, ಬೀಗ ಹಾಕಿದೆ. ರಜೆ ಚೀಟಿಯೂ ಇಲ್ಲ. ನಿಮ್ಮ ಕಾಂಪೌಂಡರು ಎಲ್ಲಿ ಹೋಗಿದ್ದಾರೆ, ಗೊತ್ತೇನ್ರಿ?"

ಮೈಸೂರಿಗೆ, ನನ್ನ ಹೆಂಡತಿಗೆ ಔಷಧಿ ತರಲು, ಎಂದು ಹೇಳಬಹುದಿತ್ತು. ಹಾಗೆಂದರೆ ಕಾಗದವನ್ನು ಮುಂದೆ ಹಿಡಿದು, ಹಾಗಾದರೆ ಇದೇನು ಎಂದು ಕೇಳುತ್ತಿದ್ದರು. ರುಜು ಹಾಕಿದವರ ಮುಖಗಳು ಕಣ್ಣ ಮುಂದೆ ಬಂದವು. ಸುಬೇದಾರರ ಮುಖ ಬಂತು.

"ಗೊತ್ತಿಲ್ಲ ಸ್ವಾಮಿ" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. "ಹೀಗೇ ಆಗಾಗ ಹೋಗ್ತಾ ಇರ್ತಾರೆ" ಎಂದು ಸೇರಿಸಿದೆ.

ಸಾಹೇಬರು ಬರೆದುಕೊಂಡರು. ಒಳಗಿನಿಂದ ಕೆಮ್ಮು ಕೇಳಿಸಿತು. ಅವಳು ಎಚ್ಚರವಾಗಿದ್ದಾಳೆಂದು ಆಗ ತಿಳಿಯಿತು.

ಸಂಜೆಯ ಬಸ್ಸಿನಲ್ಲಿ ಅವರು ಬಂದು, ಜಗಲಿ ಹತ್ತದೆ, ಪೊಟ್ಟಣವನ್ನು ನನ್ನ ಕೈಗಿಟ್ಟು, ಡಾಕ್ಟರು ಹೇಳಿದ ಹೊತ್ತನ್ನು ಎರಡು ಸಲ ಒಪ್ಪಿಸಿ, ನನ್ನ ಬಾಯಿಂದ ಒಮ್ಮೆ ಹೇಳಿಸಿ ಹೋದರು. ಮೂರನೆಯ ದಿನಕ್ಕೆ ಜ್ವರ ಇಳಿಯಿತು. ಎಡಗಿವಿ ಮಂದವಾಯಿತು, ಆದರೆ ಉಳಿದಳು.

ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಯಾರೋ ಪುಣ್ಯಾತ್ಮರು ಅಷ್ಟು ಮಾಡಿದರು. ಕಾಂಪೌಂಡರ ಕೆಲಸ ಬಿಡಿಸಿ, ಗಡಿಯ ದನದ ಗೇಟಿಗೆ ಕಾವಲಿಗೆ ಹಾಕಿದರು. ಸಂಪಾಜೆಯಲ್ಲಿ, ಘಟ್ಟ ಹತ್ತುವ ದನಗಳ ಪಾಸು ನೋಡಿ ಕಂಬ ಎತ್ತುವುದು. ಸೂಜಿ, ಪೆಟ್ಟಿಗೆ ಎಲ್ಲವನ್ನೂ ವಾಪಸ್ಸು ಪಡೆದರು. ಅವರು ಹೋದ ಮುಂದಿನ ವರ್ಷ ಲೈನಿನಲ್ಲಿ ಇಬ್ಬರು ಹೆಂಗಸರು ಚುಕ್ಕೆ ಎದ್ದು ಸತ್ತರು. ಅಮ್ಮ ಎಂದರು. ನಾನು ಏನೂ ಅನ್ನಲಿಲ್ಲ.

ಮರಿ ತರಲು ನಾನು ಆ ಗೇಟಿನ ಮೂಲಕವೇ ಓಡಾಡಬೇಕಿತ್ತು. ಅವರು ಯಾವತ್ತೂ ನನ್ನ ಗಾಡಿಯನ್ನು ಅನಗತ್ಯವಾಗಿ ನಿಲ್ಲಿಸಲಿಲ್ಲ. ಒಮ್ಮೆ ಒಂದು ಬುಟ್ಟಿ ಕಿತ್ತಳೆ ಒಯ್ದು ಅವರ ಮುಂದೆ ಇಟ್ಟೆ.

"ಇದು ಎಂತದು?"

"ನಿಮಗೇ. ಮಕ್ಕಳಿಗೆ."

"ಬೇಡ ಮಾರಾಯ್ರೆ. ಗೇಟಲ್ಲಿ ಕೂತವ ಬುಟ್ಟಿ ತಗೊಂಡ ಅಂತ ಇನ್ನೊಂದು ಅರ್ಜಿ ಹೋದ್ರೆ ನನಗೆ ಇಳಿಲಿಕ್ಕೆ ಇನ್ನು ಮೆಟ್ಟಿಲಿಲ್ಲ." ಎಂದಿನಂತೆ ಗಂಭೀರವಾಗಿಯೇ ಹೇಳಿದರು. ಆಮೇಲೆ ಕೇಳಿದರು: "ಅಕ್ಕನ ಕಿವಿ ಹೇಗುಂಟು?"

"ಹಾಗೇ ಇದೆ."

"ಹೂಂ" ಎಂದು ಕಂಬ ಎತ್ತಿದರು.

ಮನೆಗೆ ಬಂದಾಗಲೆಲ್ಲ ನನ್ನವಳು ಕೇಳುತ್ತಿದ್ದುದು ಒಂದೇ. "ಮಡಿಕೇರಿಗೆ ಹೋಗಿ ನಿಜ ಬರ್ಕೊಟ್ರಾ?" ಮುಂದಿನ ತಿಂಗಳು ಎನ್ನುತ್ತಿದ್ದೆ. ಅರ್ಜಿ ಸುಳ್ಳು ಎಂದು ಬರೆದುಕೊಟ್ಟರೆ ಇಪ್ಪತ್ತು ಜನರನ್ನು ಸುಳ್ಳರನ್ನಾಗಿ ಮಾಡಿದಂತೆ ಎನ್ನುತ್ತಿದ್ದೆ. ನಾಯಿ ಬಿಟ್ಟು ಮೆಣಸಿನ ವ್ಯಾಪಾರ ಹಿಡಿದಿದ್ದೆ, ಹೆಸರು ಕೆಡಿಸಿಕೊಳ್ಳುವ ಹೊತ್ತಲ್ಲ ಎನ್ನುತ್ತಿದ್ದೆ. ಅಷ್ಟರಲ್ಲಿ ಕೊಡಗು ಮೈಸೂರಿಗೆ ಸೇರಿತು, ಗಡಿ ಹೋಯಿತು, ಗೇಟೂ ಹೋಯಿತು. ಅವರು ಕೆಲಸ ಬಿಟ್ಟು ಊರಿಗೆ ಇಳಿದರೆಂದು ಕೇಳಿದೆ. ಅವಳು ಕೇಳುವುದನ್ನು ನಿಲ್ಲಿಸಿದಳು.

ಇದನ್ನು ಬರೆದು ಮುಗಿಸಿದ ಮೇಲೆ ಅವಳಿಗೆ ಓದಿ ಹೇಳಿದೆ. ಅವಳಿಗೆ ಓದು ಬಾರದು. ಬಲಗಿವಿಯನ್ನು ನನ್ನ ಕಡೆಗೆ ಮಾಡಿ, ಮಧ್ಯೆ ಮಾತಾಡದೆ, ಕೊನೆಯವರೆಗೂ ಕೇಳಿದಳು.

"ಆ ಸಾಹೇಬ್ರು ಇದಾರಾ ಈಗ?"

"ಇಲ್ಲ. ಹೋಗಿ ಎಷ್ಟೋ ವರ್ಷ ಆಯ್ತು."

"ಸುಬೇದಾರ್ರು?"

"ಇಲ್ಲ."

"ರುಜು ಹಾಕಿದೋರು?"

"ಯಾರೂ ಉಳಿದಿಲ್ಲ."

"ಅಂದ್ರೆ ಈಗ ನಿಜ ಹೇಳಿದ್ರೆ ನಿಮಗೇನೂ ಹೋಗೋದಿಲ್ಲ."

ನಾನು ಹಾಳೆಗಳನ್ನು ಜೋಡಿಸಿದೆ.

"ಅದಕ್ಕೇ ಬರ್ದಿದೀರಿ" ಎಂದು ಎದ್ದು ಒಳಗೆ ಹೋದಳು.